ಗಟಾರಿನ ರಾಡಿಯಲ್ಲಿ ಒಂದು ಹಗೇವು

ಊರ ಗಟಾರಿನಲ್ಲಿ ಹರಿಯುವ ರಾಡಿಯಿಂದ ಪ್ಲಾಸ್ಟಿಕ್ ತಯಾರಿಸಬಹುದು, ಮಣ್ಣಿನಲ್ಲಿ ಹೂತರೆ ಕೆಲವೇ ತಿಂಗಳುಗಳಲ್ಲಿ ಆ ಪ್ಲಾಸ್ಟಿಕ್ ಕರಗಿ ಗಾಳಿ ನೀರುಗಳಲ್ಲಿ ಸೇರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ, ಕೇಳಿದವರು ಮೊದಲು ಮೂಗು ಮುಚ್ಚಿಕೊಂಡಾರು, ಆಮೇಲೆ ನಕ್ಕಾರು. ಆದರೆ ಇದು ಜಾದೂಗಾರನ ಮಾತಲ್ಲ. ಪ್ರಯೋಗಶಾಲೆಗಳಲ್ಲಿ ಇದು ನಡೆದು ಅರ್ಧ ಶತಮಾನವಾಯಿತು. ಕೆಲವು ದೇಶಗಳಲ್ಲಿ ಪ್ರಯೋಗಶಾಲೆಯ ಹೊಸ್ತಿಲನ್ನೂ ದಾಟಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಿಗೆ ಇದರಿಂದ ಏನು ಪ್ರಯೋಜನ, ಏನು ತೊಡಕು ಎಂಬುದು ವಿಚಾರ ಮಾಡತಕ್ಕ ವಿಷಯ.

ಸೋಜಿಗವೆಂದರೆ ಇದರ ಗುಟ್ಟನ್ನು ತಿಳಿಯಲು ವಿಜಾಪುರ ಸೀಮೆಯ ಒಕ್ಕಲಿಗನಿಗೆ ರಸಾಯನಶಾಸ್ತ್ರ ಬೇಕಾಗುವುದಿಲ್ಲ. ಆತನ ಅಜ್ಜ ಮುತ್ತಜ್ಜಂದಿರು ಮಾಡಿದ್ದನ್ನು ನೆನೆದರೆ ಸಾಕು. ಇದು ಬರವನ್ನು ಬಲ್ಲ ನಾಡು. 1876ರಿಂದ 78ರ ವರೆಗಿನ ಮಹಾ ಬರವನ್ನೂ, 1972ರ ಬರವನ್ನೂ ಕಂಡ ನಾಡು. "ಡೋಣಿ ಹರಿದರೆ ಓಣಿಯೆಲ್ಲ ಕಾಳು" ಎಂಬ ಗಾದೆ ಹುಟ್ಟಿದ್ದು ಇಲ್ಲಿಯೇ. ಡೋಣಿ ಹರಿಯದಿದ್ದರೆ ಏನೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಹೇಳುವುದು ಹಗೇವು. ಬಿಳಿಜೋಳ ಚೆನ್ನಾಗಿ ಬಂದ ವರುಷ ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಸುತ್ತಲೂ ಹುಲ್ಲು ಸೊಪ್ಪೆ ಹೊಂದಿಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮಣ್ಣು ಮೆತ್ತಿ ಮುಚ್ಚಿಬಿಡುತ್ತಿದ್ದರು. ಸುಗ್ಗಿ ತಪ್ಪಿದ ವರುಷ ಬಾಯಿ ತೆಗೆದು ಉಣ್ಣುತ್ತಿದ್ದರು.

ಕಣ್ಣಿಗೆ ಕಾಣದ ಕೆಲವು ಜೀವಾಣುಗಳೂ ಇದನ್ನೇ ಮಾಡುತ್ತವೆ. ಆಹಾರ ಹೇರಳವಾಗಿ ಸಿಕ್ಕಿದಾಗ, ಆದರೆ ಮೈ ಬೆಳೆಸುವುದಕ್ಕೆ ಬೇಕಾದ ಸಾರಜನಕ ರಂಜಕಗಳು ಸಾಲದೆ ಬಂದಾಗ, ಹೆಚ್ಚಾದ ಆಹಾರವನ್ನು ಅವು ತಮ್ಮ ಮೈಯೊಳಗೆ ಸಣ್ಣ ಸಣ್ಣ ಕಣಗಳನ್ನಾಗಿ ಮಾಡಿ ಇರಿಸಿಕೊಳ್ಳುತ್ತವೆ. ಹಸಿವಿನ ಕಾಲ ಬಂದಾಗ ಆ ಕಣಗಳನ್ನೇ ಕರಗಿಸಿ ಬದುಕುತ್ತವೆ. ಮನುಷ್ಯನ ಮೈಯಲ್ಲಿ ಕೊಬ್ಬು ಹೇಗೋ ಹಾಗೆ. 1926ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೋರಿಸ್ ಲೆಮ್ವಾನ್ ಎಂಬಾತ ಬ್ಯಾಸಿಲಸ್ ಜಾತಿಯ ಒಂದು ಜೀವಾಣುವಿನಿಂದ ಈ ವಸ್ತುವನ್ನು ಬೇರ್ಪಡಿಸಿ ಅದರ ಕಟ್ಟೋಣವನ್ನು ತಿಳಿಸಿದ. ಅದಕ್ಕೆ ಪಾಲಿಹೈಡ್ರಾಕ್ಸಿ ಬ್ಯುಟಿರೇಟ್ ಎಂದು ಹೆಸರು, ಚಿಕ್ಕದಾಗಿ ಪಿ.ಎಚ್.ಬಿ. ಅದರ ಬಂಧುಬಳಗವನ್ನೆಲ್ಲ ಸೇರಿಸಿ ಪಿ.ಎಚ್.ಎ. ಎನ್ನುತ್ತಾರೆ. ಆ ಕಣಗಳನ್ನು ಹೊರತೆಗೆದು ಒಣಗಿಸಿ ಕಾಯಿಸಿದರೆ ಸುಮಾರು 175 ಡಿಗ್ರಿ ಸೆಂಟಿಗ್ರೇಡಿಗೆ ಕರಗುತ್ತದೆ. ಅಚ್ಚಿಗೆ ಹೊಯ್ದರೆ ಅಚ್ಚಿನ ಆಕಾರ ತಳೆಯುತ್ತದೆ. ಪ್ಲಾಸ್ಟಿಕ್ ಎಂದರೆ ಇದೇ ಅಲ್ಲವೆ? ಮಣ್ಣಿನಲ್ಲಿ ಬಿದ್ದರೆ ಅಲ್ಲಿಯ ಬೇರೆ ಜೀವಾಣುಗಳು, ಬೂಷ್ಟುಗಳು ಇದನ್ನು ಕಾಳೆಂದೇ ತಿಳಿದು ತಿಂದುಬಿಡುತ್ತವೆ. ಕಲ್ಲೆಣ್ಣೆಯಿಂದಾದ ಪಾಲಿಥೀನನ್ನು ಅವು ಮುಟ್ಟುವುದಿಲ್ಲ. ಅದು ಅವುಗಳಿಗೆ ಪರಿಚಯವಿಲ್ಲದ ಅಡುಗೆ.

ಇಂಗ್ಲೆಂಡಿನ ಐ.ಸಿ.ಐ. ಕಂಪನಿ ಜೀವಾಣುಗಳಿಗೆ ಸಕ್ಕರೆ ಉಣ್ಣಿಸಿ ಇದನ್ನು ತಯಾರಿಸಿತು. 1990ರಲ್ಲಿ ಜರ್ಮನಿಯಲ್ಲಿ ಶಾಂಪೂ ತುಂಬುವ ಸೀಸೆಗಳೂ ಇದರಿಂದ ಬಂದವು. ಬೆಲೆಯೇನೋ ವಿಪರೀತ. ಶುದ್ಧ ಸಕ್ಕರೆ, ಶುದ್ಧ ಜೀವಾಣು, ಆವಿಯಿಂದ ತೊಳೆದ ಉಕ್ಕಿನ ಪಾತ್ರೆ ಇವೆಲ್ಲಕ್ಕೂ ಹಣ ಬೇಕು. ಪುಕ್ಕಟೆ ಆಹಾರ, ಪುಕ್ಕಟೆ ಜೀವಾಣು ಎಲ್ಲಿ ಸಿಕ್ಕೀತೆಂದು ಹುಡುಕಿದವರ ಕಣ್ಣು ಗಟಾರಿನ ಕಡೆಗೆ ತಿರುಗಿತು.

ಇಲ್ಲಿ ಕಥೆಗೆ ಕನ್ನಡ ನಾಡಿನ ನಂಟು ಬರುತ್ತದೆ. ಈ ಶತಮಾನದಲ್ಲಿ ಜಗತ್ತಿನ ದೊಡ್ಡ ನಗರಗಳ ಕೊಳಚೆ ನೀರು ಶುದ್ಧವಾಗುತ್ತಿರುವುದು ಬಹುಮಟ್ಟಿಗೆ ಆಕ್ಟಿವೇಟೆಡ್ ಸ್ಲಜ್ ಎಂಬ ವಿಧಾನದಿಂದ. ಎಂದರೆ ಚೈತನ್ಯ ತುಂಬಿದ ರಾಡಿಯಿಂದ. ಮ್ಯಾಂಚೆಸ್ಟರಿನ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞ 1912ರಲ್ಲಿ ಅಮೆರಿಕೆಗೆ ಹೋಗಿದ್ದಾಗ ಲಾರೆನ್ಸ್ ಎಂಬ ಊರಿನ ಪ್ರಯೋಗಶಾಲೆಯಲ್ಲಿ ಕೊಳಚೆ ನೀರಿನೊಳಗೆ ಗಾಳಿ ಊದುವುದನ್ನು ಕಂಡ. ಮರಳಿ ಬಂದು ತನ್ನೂರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ಆ ಪ್ರಯೋಗವನ್ನು ಮಾಡಿರೆಂದು ಸೂಚಿಸಿದ. ಅವರು ಮಾಡಿದ ಒಂದು ಸಣ್ಣ ಕೆಲಸ ಇತಿಹಾಸವಾಯಿತು. ಗಾಳಿ ಊದಿದ ಮೇಲೆ ತಳಕ್ಕೆ ಇಳಿದ ಬಗ್ಗಡವನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆಯೇ ಹೊಸ ಕೊಳಚೆಯನ್ನು ಸುರಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು ಸುಮಾರು ಐದು ವಾರ ಹಿಡಿದಿತ್ತು. ಬಗ್ಗಡ ಕೂಡುತ್ತ ಹೋದಂತೆ ಅದೇ ಕೆಲಸ ಒಂದು ದಿನದೊಳಗೆ ಮುಗಿಯಿತು. ಹೆಪ್ಪು ಉಳಿಸಿಕೊಂಡು ಮೊಸರು ಮಾಡುವ ಗೃಹಿಣಿಗೆ ಇದರಲ್ಲಿ ಹೊಸತೇನೂ ಕಾಣದು! 1914ರ ಏಪ್ರಿಲ್ 3ರಂದು ಅವರು ಈ ಸಂಗತಿಯನ್ನು ಮ್ಯಾಂಚೆಸ್ಟರಿನ ವಿದ್ವತ್ ಸಭೆಯಲ್ಲಿ ಓದಿದರು.

ಅದೇ ಫೌಲರ್ ಮಹಾಶಯ 1916ರಲ್ಲಿ ಬೆಂಗಳೂರಿಗೆ ಬಂದ; ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಾಧ್ಯಾಪಕನಾದ. ಕೊಳಚೆಯ ಈ ವಿದ್ಯೆಯನ್ನು ಇಲ್ಲಿ ಬೇರೂರಿಸಿದ. ಆತನ ಮುಖ್ಯ ಚಿಂತೆ ಊರ ಮಲದಲ್ಲಿರುವ ಸಾರಜನಕ ಹಾಳಾಗದೆ ಹೊಲಕ್ಕೆ ಹಿಂದಿರುಗಬೇಕೆಂಬುದು. ಅದೇ ಸಂಸ್ಥೆಯಲ್ಲಿ 1939ರಲ್ಲಿ ಸಿ. ಎನ್. ಆಚಾರ್ಯರು ಊರ ಕಸ ಮತ್ತು ಮಲವನ್ನು ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಬೆಂಗಳೂರು ವಿಧಾನವೆಂದೇ ಅದು ಹೆಸರಾಗಿ ದೇಶದ ಎಷ್ಟೋ ಪುರಸಭೆಗಳಿಗೆ ಹರಡಿತು. ಅಂತೂ ಹೇಸಿಗೆಯಿಂದ ಹೊನ್ನು ತೆಗೆಯುವ ಪಾಠ ಕನ್ನಡ ನಾಡಿಗೆ ಹೊಸದಲ್ಲ.

ಇನ್ನು ಪ್ಲಾಸ್ಟಿಕ್ಕಿನ ಮಾತು. 1974ರಲ್ಲಿ ಅಮೆರಿಕೆಯ ವಾಲೆನ್ ಮತ್ತು ರೋವೆಡರ್ ಎಂಬವರು ಇಂಥ ಚೈತನ್ಯದ ರಾಡಿಯನ್ನೇ ಪರೀಕ್ಷಿಸಿ, ಅದರಲ್ಲಿ ಪಿ.ಎಚ್.ಎ. ಇರುವುದನ್ನು ತೋರಿಸಿದರು. ಅಷ್ಟೇ ಅಲ್ಲ, ಅದು ಬರಿಯ ಪಿ.ಎಚ್.ಬಿ. ಆಗಿರದೆ ಹಲವು ಬಗೆಯ ಕೊಂಡಿಗಳು ಕೂಡಿದ ಮಿಶ್ರಣವಾಗಿತ್ತು. ಇದು ಲಾಭದ ಸಂಗತಿ. ಶುದ್ಧ ಪಿ.ಎಚ್.ಬಿ. ಗಡುಸು, ಬಾಗಿಸಿದರೆ ಹಪ್ಪಳದಂತೆ ಮುರಿಯುತ್ತದೆ, ಮಿಶ್ರಣವೋ ಮಣಿಯುತ್ತದೆ.

ರಾಡಿಯಲ್ಲಿ ಎಲ್ಲ ಜೀವಾಣುಗಳೂ ಹಗೇವು ತೋಡುವ ಜಾತಿಯವಲ್ಲ. ತೋಡುವವನ್ನು ಆರಿಸುವುದು ಹೇಗೆ? ಸೂಕ್ಷ್ಮದರ್ಶಕ ಹಿಡಿದು ಒಂದೊಂದಾಗಿ ಹೆಕ್ಕುವುದು ಆಗದ ಮಾತು. ವಿಜ್ಞಾನಿಗಳು ಹೂಡಿದ ಉಪಾಯ ಸ್ವಾರಸ್ಯವಾಗಿದೆ. ಮೊದಲು ಊರಿನ ರಾಡಿಯ ಒಂದು ಪಾಲನ್ನು ಗಾಳಿ ಆಡದ ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಅದು ಹುಳಿತು ಅಸೆಟಿಕ್, ಪ್ರೊಪಿಯಾನಿಕ್ ಮೊದಲಾದ ಆಮ್ಲಗಳಾಗುತ್ತದೆ. ಈ ಹುಳಿನೀರೇ ಜೀವಾಣುಗಳ ಊಟ. ಎರಡನೆಯ ತೊಟ್ಟಿಯಲ್ಲಿ ಗಾಳಿ ಊದುತ್ತ, ಸ್ವಲ್ಪ ಹೊತ್ತು ಔತಣ, ಬಹಳ ಹೊತ್ತು ಉಪವಾಸ, ಮತ್ತೆ ಔತಣ, ಮತ್ತೆ ಉಪವಾಸ, ಹೀಗೆ ದಿನಗಟ್ಟಲೆ ನಡೆಸುತ್ತಾರೆ. ಔತಣದಲ್ಲಿ ಕೂಡಿಟ್ಟುಕೊಂಡವು ಉಪವಾಸದಲ್ಲಿ ಬದುಕುತ್ತವೆ, ಉಂಡು ಉಡಾಯಿಸಿದವು ಸೋತು ಹಿಂದೆ ಬೀಳುತ್ತವೆ. ಕೆಲವು ವಾರಗಳಲ್ಲಿ ತೊಟ್ಟಿಯ ತುಂಬ ಹಗೇವಿನ ಒಡೆಯರೇ! ಬರ ಕಂಡ ನಾಡಿನಲ್ಲಿ ಮಿತವ್ಯಯಿಗಳೇ ಉಳಿದಂತೆ ಎನ್ನಬಹುದು. ಮೂರನೆಯ ತೊಟ್ಟಿಯಲ್ಲಿ ಇವಕ್ಕೆ ಹುಳಿನೀರನ್ನು ಹೊಟ್ಟೆ ಬಿರಿಯುವಷ್ಟು ಉಣ್ಣಿಸುತ್ತಾರೆ. ಕಣಗಳು ತುಂಬಿ ತುಳುಕುವ ಹೊತ್ತಿಗೆ ಹೊರತೆಗೆದು ಒಣಗಿಸಿ ಪ್ಲಾಸ್ಟಿಕ್ಕನ್ನು ಬೇರ್ಪಡಿಸುತ್ತಾರೆ.

ಈ ರೀತಿಯಲ್ಲಿ 1998ರಲ್ಲಿ ಜಪಾನಿನ ಸಂಶೋಧಕರು ರಾಡಿಯ ಒಣತೂಕದಲ್ಲಿ ನೂರಕ್ಕೆ 62 ಪಾಲು ಪ್ಲಾಸ್ಟಿಕ್ ಇರುವಂತೆ ಮಾಡಿದರು. 2009ರಲ್ಲಿ ಹಾಲೆಂಡಿನ ಡೆಲ್ಫ್ಟ್ ವಿದ್ಯಾಪೀಠದವರು, ಶುದ್ಧ ಅಸೆಟೇಟನ್ನು ಉಣ್ಣಿಸಿಯೇ ಆದರೂ, ನೂರಕ್ಕೆ 89ರ ವರೆಗೆ ಮುಟ್ಟಿಸಿದರು. ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಗಂಟೇ, ಜೀವ ಒಂದೇ ಪಾಲು! ಅದೇ ದೇಶದ ಬಾತ್ ಎಂಬಲ್ಲಿಯ ಶುದ್ಧೀಕರಣ ಕೇಂದ್ರದ ರಾಡಿಯಿಂದ 2015ರ ತರುವಾಯ ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆದು ಪರೀಕ್ಷಿಸಿದರು. ಭಾರತದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನ ಸಂಸ್ಥೆಯವರು ಆಹಾರ ಕಾರ್ಖಾನೆಯೊಂದರ ಕೊಳಚೆಯ ರಾಡಿಯಿಂದ ಇದನ್ನು ಸಿದ್ಧಪಡಿಸಿದ ವರದಿ 2004ರಲ್ಲಿ ಪ್ರಕಟವಾಯಿತು. ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಲ್ಲಿಯೂ ಬ್ಯಾಸಿಲಸ್ ಜಾತಿಯ ಜೀವಾಣುಗಳ ಮೇಲೆ ಈ ದಿಸೆಯ ಕೆಲಸ ನಡೆದಿದೆ.

ಹಾಗಾದರೆ ಇಂಡಿಗೂ ಸಿಂದಗಿಗೂ ಎಷ್ಟು ಸಿಕ್ಕೀತು? ಒಂದು ಸ್ಥೂಲವಾದ ಲೆಕ್ಕ ಹಾಕಬಹುದು. 2011ರ ಜನಗಣತಿಯಲ್ಲಿ ಈ ನಾಲ್ಕೂ ಊರುಗಳು ಮೂವತ್ತರಿಂದ ನಲವತ್ತು ಸಾವಿರ ಜನರಿದ್ದ ಪಟ್ಟಣಗಳು. ಒಂದೊಂದಕ್ಕೆ 35,000 ಎಂದು ಇಟ್ಟುಕೊಳ್ಳೋಣ. ಒಳಚರಂಡಿಯುಳ್ಳ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಸರಕಾರಿ ಅಳತೆ; ಅದರಲ್ಲಿ ನೂರಕ್ಕೆ 80 ಪಾಲು ಗಟಾರಿಗೆ ಬರುತ್ತದೆಂದು ಎಂಜಿನಿಯರರು ಹಿಡಿಯುತ್ತಾರೆ. ಆಗ ಒಂದು ಊರಿನ ಕೊಳಚೆ ದಿನಕ್ಕೆ ಸುಮಾರು 38 ಲಕ್ಷ ಲೀಟರ್. ಸಾವಿರ ಲೀಟರಿಗೆ ಕಾಲು ಕಿಲೋ ಒಣ ರಾಡಿ ಎಂದರೆ 950 ಕಿಲೋ. ಊಟಕ್ಕೆ ಹೋದದ್ದು, ನಡುವೆ ಹಾಳಾದದ್ದು ಎಲ್ಲವನ್ನೂ ಕಳೆದು ಹತ್ತರಲ್ಲಿ ಒಂದು ಪಾಲು ಪ್ಲಾಸ್ಟಿಕ್ ಕೈಗೆ ಬಂತೆನ್ನಿ: 95 ಕಿಲೋ. ನಾಲ್ಕೂ ಊರಿಗೆ ಕೂಡಿ ದಿನಕ್ಕೆ ನಾಲ್ಕು ಕ್ವಿಂಟಲಿಗೆ ಸ್ವಲ್ಪ ಕಡಮೆ. ಹತ್ತು ಗ್ರಾಮಿನ ಕೈಚೀಲ ಮಾಡಿದರೆ 38,000 ಚೀಲ. ನಾಲ್ಕು ಜನಕ್ಕೆ ದಿನಕ್ಕೊಂದು. ಸಂತೆಗೆ ಹೋಗುವ ಮನೆಗೆ ಒಂದು ಚೀಲ ಸಾಕು, ಎರಡನೆಯದು ಚಟ.

ಇದು ಕಾಗದದ ಮೇಲಿನ ಲೆಕ್ಕವೆಂಬುದನ್ನು ವಾಚಕರು ಮರೆಯಬಾರದು. ನಲ್ಲಿಗೆ ನೀರು ಕಡಮೆ ಬಂದ ದಿನ ಗಟಾರಿಗೂ ಕಡಮೆಯೇ. ಮೇಲಾಗಿ ಕೊಳಚೆ ಒಂದೆಡೆ ಬಂದು ಸೇರಿದರೆ ತಾನೆ ರಾಡಿ? ಇಂಥ ಪಟ್ಟಣಗಳಲ್ಲಿ ಎಷ್ಟೋ ಮನೆಗಳ ಮಲ ಹಿತ್ತಲ ಗುಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿದು, ವರುಷಗಟ್ಟಲೆ ಅಲ್ಲಿಯೇ ಕೊಳೆಯುತ್ತದೆ. ಆ ಹಳೆಯ ಮಡ್ಡಿಯಲ್ಲಿ ಹುಳಿಯತಕ್ಕ ಸತ್ತ್ವ ಬಹುಪಾಲು ಆಗಲೇ ಗ್ಯಾಸಾಗಿ ಹೋಗಿರುತ್ತದೆ. ಅದರಿಂದ ಪ್ಲಾಸ್ಟಿಕ್ ತೆಗೆಯುವ ಆಸೆ ಹಿಂಡಿದ ಲಿಂಬೆಯನ್ನು ಮತ್ತೆ ಹಿಂಡಿದಂತೆ. ಅದಕ್ಕೆ ತಕ್ಕದ್ದು ಗೊಬ್ಬರದ ದಾರಿಯೇ. ದೇವನಹಳ್ಳಿಯಲ್ಲಿ 2015ರಿಂದ ಇರುವ ಮಲಮಡ್ಡಿಯ ಘಟಕದಲ್ಲಿ, ಟ್ಯಾಂಕರುಗಳು ತಂದ ಮಡ್ಡಿಯನ್ನು ಒಣಗಿಸಿ ಊರ ಹಸಿ ಕಸದೊಡನೆ ಕೂಡಿಸಿ ಗೊಬ್ಬರ ಮಾಡುವ ಮಾದರಿಯನ್ನು ಕಾಣಬಹುದು. ಸಣ್ಣ ಊರಿಗೆ ಇದು ಮೊದಲ ಮೆಟ್ಟಿಲು. ಪ್ಲಾಸ್ಟಿಕ್ ಅದರ ಮೇಲಿನ ಮೆಟ್ಟಿಲು.

ಒಕ್ಕಲಿಗನೊಬ್ಬ ಇಲ್ಲಿ ಒಂದು ಪ್ರಶ್ನೆ ಎತ್ತಿಯಾನು: ರಾಡಿಯೆಲ್ಲ ಚೀಲವಾದರೆ ಹೊಲಕ್ಕೆ ಏನು ಉಳಿಯಿತು? ಪ್ರಶ್ನೆ ಯೋಗ್ಯವಾದದ್ದು, ಉತ್ತರವೂ ಸಮಾಧಾನಕರವಾದದ್ದು. ಈ ಪ್ಲಾಸ್ಟಿಕ್ಕಿನಲ್ಲಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ ಮೂರೇ. ಬೆಳೆಗೆ ಬೇಕಾದ ಸಾರಜನಕ, ರಂಜಕಗಳು ಉಳಿದ ಹಿಂಡಿಯಲ್ಲಿಯೂ ನೀರಿನಲ್ಲಿಯೂ ಇದ್ದೇ ಇರುತ್ತವೆ. ಗಾಣದಿಂದ ಎಣ್ಣೆ ಹೋದರೂ ಹಿಂಡಿ ಎತ್ತಿಗೆ ಉಳಿಯುವಂತೆ ಇದು. ಆದರೆ ಒಂದು ಎಚ್ಚರ. ಕಣಗಳನ್ನು ಬಿಡಿಸಲು ಪ್ರಯೋಗಶಾಲೆಯಲ್ಲಿ ಬಳಸುವ ಕ್ಲೋರೋಫಾರ್ಮಿನಂಥ ವಿಷದ್ರವ ಹಿಂಡಿಗೆ ತಗುಲಿದರೆ ಅದು ಹೊಲಕ್ಕೆ ಬಾರದು. ಕಾರ್ಖಾನೆಗಳ ನೀರು ಕೂಡಿದ ಊರಿನ ರಾಡಿಯಲ್ಲಿ ಸೀಸ, ಕ್ರೋಮಿಯಂಗಳೂ ಇರಬಹುದು. ದೊಡ್ಡ ಕಾರ್ಖಾನೆಗಳು ಕಡಮೆಯಿರುವ ಊರಿಗೆ ಇದೊಂದು ಅನುಕೂಲವೇ ಸರಿ. ಬಡತನಕ್ಕೂ ಒಮ್ಮೊಮ್ಮೆ ಲಾಭವುಂಟು.

ಊಟದ ಕೊರತೆಯನ್ನು ತುಂಬುವುದಕ್ಕೆ ಈ ಸೀಮೆಯಲ್ಲಿ ಇನ್ನೊಂದು ದಾರಿ ಇದೆ. ಭೀಮೆಯ ದಂಡೆಗೂ ಕೃಷ್ಣೆಯ ದಂಡೆಗೂ ಕಬ್ಬು ಬಂದಿದೆ. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಬೇರೆಡೆಯೂ ಕಾರ್ಖಾನೆಗಳಿವೆ. ಕಬ್ಬು ಅರೆಯುವ ಕಾಲದಲ್ಲಿ ಅವು ಹೊರಹಾಕುವ ಸಿಹಿನೀರು ಈ ಜೀವಾಣುಗಳಿಗೆ ಹೋಳಿಗೆಯ ಊಟ. ಕಾಕಂಬಿಯ ಮಾತು ಬೇರೆ. ಅದಕ್ಕೆ ಮದ್ಯಸಾರದವರು ಕಾದು ನಿಂತಿರುತ್ತಾರೆ, ಬೆಲೆಯೂ ಏರುತ್ತದೆ. ಬ್ರೆಜಿಲ್ ದೇಶದ ಸಾವೊ ಪಾವ್ಲೊ ರಾಜ್ಯದ ಸೆರ್ರಾನಾ ಎಂಬಲ್ಲಿ 1990ರ ದಶಕದಲ್ಲಿ ಸಕ್ಕರೆ ಕಾರ್ಖಾನೆಯ ಜೊತೆಯಲ್ಲಿಯೇ ಪಿ.ಎಚ್.ಬಿ. ತಯಾರಿಸುವ ಪ್ರಯೋಗ ಘಟಕವನ್ನು ಇಟ್ಟರು. ಸಕ್ಕರೆ ಅಲ್ಲಿಯದೇ, ಉರಿಗೆ ಕಬ್ಬಿನ ಸಿಪ್ಪೆ ಅಲ್ಲಿಯದೇ, ಕಣ ಬಿಡಿಸುವ ದ್ರವವೂ ಅಲ್ಲಿಯ ಭಟ್ಟಿಯ ಉಪವಸ್ತುವೇ. ಹೊರಗಿನಿಂದ ತರುವುದು ಕಡಮೆಯಾದಷ್ಟು ಬೆಲೆ ಇಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸಂಗತಿ ಉಳಿಯುತ್ತದೆ, ಅದೇ ಎಲ್ಲಕ್ಕಿಂತ ದೊಡ್ಡದು. ಊರಿನಲ್ಲಿ ಪ್ಲಾಸ್ಟಿಕ್ಕೂ ಗಟಾರೂ ಈಗಾಗಲೇ ಕೂಡಿವೆ, ಆದರೆ ತಿರುಗುಮುರುಗಾಗಿ. ರಾಡಿಯಿಂದ ಪ್ಲಾಸ್ಟಿಕ್ ಬರುವ ಬದಲು ಪ್ಲಾಸ್ಟಿಕ್ಕು ರಾಡಿಗೆ ಹೋಗಿ ಬೀಳುತ್ತಿದೆ. ಕರ್ನಾಟಕ ಸರಕಾರ 2016ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ದೇಶದಲ್ಲೆಲ್ಲ ನಿಷೇಧ ಬಂತು. ಚೀಲಗಳಿಗೆ ಮಾತ್ರ ಕಾಯಿದೆ ಓದಲು ಬರುವುದಿಲ್ಲ. ಅವು ಗಟಾರಿಗೆ ಇಳಿದು, ಕೊಳವೆಯ ತಿರುವಿನಲ್ಲಿ ಸಿಕ್ಕಿಕೊಂಡು, ಕೂದಲು ಅರಿವೆಗಳ ಸಂಗಡ ಬಿರಡೆಯಾಗಿ ಕೂಡುತ್ತವೆ. ನೀರು ಉಕ್ಕುತ್ತದೆ. ಆಗ ಓಣಿಯ ಜನ ಪುರಸಭೆಗೆ ಹೇಳಿ ಕಳಿಸುತ್ತಾರೆ. ಪುರಸಭೆ ಯಾರನ್ನು ಕಳಿಸಬೇಕು?

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಲ್ಲಿಸಿದರು. ಬುಟ್ಟಿ ತಲೆಯಿಂದ ಇಳಿಯಿತು, ಗುಂಡಿ ಉಳಿಯಿತು. ರಕ್ಷಣೆಯಿಲ್ಲದೆ ಮನುಷ್ಯನನ್ನು ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಇಳಿಸುವುದನ್ನು 2013ರ ಕಾಯಿದೆ ಅಪರಾಧವೆಂದಿತು. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರ ಏರಿಸಬೇಕಾಗಿ ಬಂತೆಂಬುದರಿಂದಲೇ ಸಾವು ನಿಂತಿಲ್ಲವೆಂದು ತಿಳಿಯುತ್ತದೆ. ಗುಂಡಿಯೊಳಗೆ ಕೂಡಿದ ಹೈಡ್ರೊಜನ್ ಸಲ್ಫೈಡು ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ನಾತ ಹೋಯಿತು, ಇನ್ನು ಭಯವಿಲ್ಲ ಎಂದು ಒಳಗಿನವನು ಎಣಿಸುವ ಹೊತ್ತೇ ಕೊನೆಯ ಹೊತ್ತು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಸೀಮೆ. ಪರರ ಬಟ್ಟೆಯ ಕೊಳೆ ತೊಳೆದ ಮಡಿವಾಳ ಮಾಚಯ್ಯನ ಹಿಪ್ಪರಗಿ ಮೊನ್ನೆ ಮೊನ್ನೆಯ ವರೆಗೆ ಸಿಂದಗಿ ತಾಲ್ಲೂಕು. ಕಾಯಕದ ಹೆಸರೆತ್ತಿ ಭಾಷಣ ಮಾಡುವವರಿಗೆ ಇಲ್ಲಿ ಅಭಾವವಿಲ್ಲ, ಗಟಾರಕ್ಕೆ ಯಂತ್ರ ಕೊಳ್ಳುವವರದೇ ಅಭಾವ. ರಾಡಿಗೆ ಬೆಲೆ ಬಂದ ದಿನ ಅದನ್ನು ಎತ್ತುವುದಕ್ಕೆ ಪಂಪೂ ಬರುತ್ತದೆ, ಕೊಳವೆಯೂ ಬರುತ್ತದೆ; ಬೆಲೆಯುಳ್ಳ ಸರಕನ್ನು ಯಾರೂ ಬುಟ್ಟಿಯಲ್ಲಿ ಹೊರಿಸುವುದಿಲ್ಲ. ಈ ವಿದ್ಯೆಯಿಂದ ಊರಿಗೆ ಬರಬಹುದಾದ ಲಾಭಗಳಲ್ಲಿ ಚೀಲಕ್ಕಿಂತ ಇದನ್ನು ಮೇಲೆಂದು ಎಣಿಸಬೇಕು.

ಅಂಗಡಿಗಳಲ್ಲಿ ಈಗಲೇ "ಮಣ್ಣಾಗುವ ಚೀಲ" ಎಂದು ಅಚ್ಚು ಹಾಕಿದವು ಸಿಗುತ್ತವೆ. ಅವುಗಳಲ್ಲಿ ಕೆಲವು ಹರಿದು ಚೂರಾಗುತ್ತವೆಯೇ ಹೊರತು ಕರಗುವುದಿಲ್ಲ. ಚೂರಾದ ಪಾಲಿಥೀನು ಮಣ್ಣಿಗೆ ಇಡೀ ಚೀಲಕ್ಕಿಂತ ಕೇಡು. ಹೆಕ್ಕಿ ತೆಗೆಯಲೂ ಬರುವುದಿಲ್ಲ. ನಿಜವಾಗಿ ಗೊಬ್ಬರವಾಗುವ ಸರಕಿಗೆ ಐ.ಎಸ್. 17088 ಎಂಬ ಮಾನಕವುಂಟು. ಕೊಳ್ಳುವವರು ಅದನ್ನು ಕೇಳಿ ನೋಡಬೇಕು.

ಪಿ.ಎಚ್.ಎ. ಇಂದಿಗೂ ಪಾಲಿಥೀನಿಗಿಂತ ತುಟ್ಟಿ. ಸಂತೆಯ ಕೈಚೀಲದಲ್ಲಿ ಅದು ಪೈಪೋಟಿಗೆ ನಿಲ್ಲಲಾರದು. ಅಲ್ಲಿ ಅರಿವೆಯ ಚೀಲವೇ ಮೇಲು. ಅದು ಗೆಲ್ಲುವ ಜಾಗ, ಕೊನೆಗೆ ಮಣ್ಣಿಗೇ ಹೋಗಬೇಕಾದ ವಸ್ತುಗಳಲ್ಲಿ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಲಿಂಬೆಯ ಸಸಿ ಮೊದಲು ಕಾಣುವುದು ಕಪ್ಪು ಪಾಲಿಥೀನಿನ ಸಣ್ಣ ಚೀಲದಲ್ಲಿ. ನೆಡುವಾಗ ಆ ಚೀಲವನ್ನು ಹರಿದು ತೆಗೆಯಬೇಕು. ಅವಸರದಲ್ಲಿ ಬೇರು ಹರಿಯುತ್ತದೆ, ಚೀಲ ಬದುವಿನಲ್ಲಿ ಉಳಿಯುತ್ತದೆ, ಗಾಳಿಗೆ ಹಾರಿ ದನದ ಹೊಟ್ಟೆ ಸೇರುತ್ತದೆ. ರಾಡಿಯಿಂದ ತೆಗೆದ ಪ್ಲಾಸ್ಟಿಕ್ಕಿನ ಚೀಲವಾದರೆ ಸಸಿಯನ್ನು ಚೀಲದ ಸಮೇತ ಗುಂಡಿಯಲ್ಲಿ ಇಡಬಹುದು. ಮಣ್ಣಿನ ಜೀವಾಣುಗಳು ಚೀಲವನ್ನು ಮೆಲ್ಲಗೆ ತಿಂದು ಮುಗಿಸುವ ವೇಳೆಗೆ ಬೇರು ಹೊರಕ್ಕೆ ಹಬ್ಬಿರುತ್ತದೆ. ನಾಲ್ಕು ಪುರಸಭೆಗಳು ಕೂಡಿ ಒಂದು ಸಣ್ಣ ಘಟಕವನ್ನು ಎಂದಾದರೂ ಹೂಡುವುದಾದರೆ, ಅದು ಮೊದಲು ತಯಾರಿಸತಕ್ಕದ್ದು ಈ ಸಸಿಯ ಚೀಲವನ್ನೇ. ಕೊಳ್ಳುವವರು ನರ್ಸರಿಗಳಲ್ಲಿ, ಅರಣ್ಯ ಇಲಾಖೆಯಲ್ಲಿ, ತೋಟಗಾರಿಕೆ ಇಲಾಖೆಯಲ್ಲಿ ಸಿದ್ಧರಿದ್ದಾರೆ. ಪ್ರತಿ ವರುಷ ಮಳೆಗಾಲಕ್ಕೆ ಮುಂಚೆ ಅವರಿಗೆ ಚೀಲ ಬೇಕೇ ಬೇಕು.